ಇಟ್ಟಿಗೆ, ರಾಗಿ ಹಿಟ್ಟು, ಹಿಮಾಲಯ: ಭೂಫಲಕಗಳ ಆಟವನ್ನು ಮನೆಯಲ್ಲೇ ಮಾಡಿ ನೋಡುವ ಬಗೆ

ನಮ್ಮ ಅಜ್ಜಿಯ ದೇವರ ಮನೆಯಲ್ಲಿ ಒಂದು ಸಾಲಿಗ್ರಾಮ ಇದೆ. ನುಣ್ಣಗಿನ ಕಪ್ಪು ಕಲ್ಲು. ಒಂದು ಕಡೆ ಸಣ್ಣ ತೂತು, ಇಣುಕಿದರೆ ಒಳಗೆ ಸುರುಳಿಯಾದ ಚಕ್ರ. ಪೂಜಿಸುವವರಿಗೆ ಅದು ವಿಷ್ಣು. ಭೂವಿಜ್ಞಾನ ಓದಿದವರಿಗೆ ಅದು ಅಮೋನೈಟ್, ಅಂದರೆ ಸುಮಾರು 15 ಕೋಟಿ ವರ್ಷ ಹಿಂದೆ ಸಮುದ್ರದಲ್ಲಿ ಈಜುತ್ತಿದ್ದ ಚಿಪ್ಪಿನ ಜೀವಿಯ ಅಚ್ಚು. ಈ ಕಲ್ಲು ಸಿಗುವುದು ನೇಪಾಳದ ಕಾಲಿ ಗಂಡಕಿ ನದಿಯಲ್ಲಿ. ಅಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ.

ಏಳನೇ ಕ್ಲಾಸಿನ ನನ್ನ ಅಕ್ಕನ ಮಗಳು ಇದನ್ನು ಕೇಳಿ, “ಹಾಗಾದ್ರೆ ಸಮುದ್ರದ ಹುಳ ಬೆಟ್ಟ ಹತ್ತಿದ್ದು ಹೇಗೆ ಮಾಮಾ?” ಅಂದಳು. ಅದಕ್ಕೆ ಉತ್ತರ ಹುಡುಕುತ್ತಾ ಎರಡು ಭಾನುವಾರ ಕಳೆದವು. ಅಡುಗೆಮನೆಯ ಒಂದಿಷ್ಟು ಹಿಟ್ಟೂ ಖಾಲಿಯಾಯಿತು. ಆಗ ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕದಲ್ಲಿ ಭೂಕಂಪಕ್ಕೆ ಒಂದು ಪಾಠ, ಪರ್ವತಕ್ಕೆ ಇನ್ನೊಂದು ಪಾಠ ಇರುತ್ತದೆ. ನಿಜವಾಗಿ ಎರಡೂ ಒಂದೇ ಕೆಲಸ. ನೆಲ ವರ್ಷಕ್ಕೆ ಇಷ್ಟು ಅಂತ ಚಲಿಸಬೇಕು. ಅದು ಚಲಿಸದೆ ಬಾಕಿ ಉಳಿಸಿಕೊಳ್ಳುತ್ತದೆ. ಆ ಬಾಕಿ ಒಂದೇ ಏಟಿಗೆ ವಸೂಲಾದರೆ ಭೂಕಂಪ. ಇಂಥ ವಸೂಲಿ ಸಾವಿರಾರು ಸಲ ನಡೆದು ಗುಡ್ಡೆ ಬಿದ್ದದ್ದು ಹಿಮಾಲಯ.

ಬೇಕಾಗುವ ಸಾಮಾನು: ಒಂದು ಇಟ್ಟಿಗೆ, ನಾಲ್ಕು ಹಾಳೆ ಉಪ್ಪು ಕಾಗದ, ಹಳೆ ಸೈಕಲ್ ಟ್ಯೂಬು, ದಾರ, ಅಡಿಕೋಲು, ಒಂದೊಂದು ಪಾವು ರಾಗಿ ಹಿಟ್ಟು ಮತ್ತು ಅಕ್ಕಿ ಹಿಟ್ಟು, ಚಾರ್ಟ್ ಪೇಪರ್, ಕೈವಾರ, ಒಂದು ಅಟ್ಲಾಸ್, ಅರ್ಧ ಲೀಟರ್ ಹಾಲು. ಮನೆಯ ಹಿರಿಯರ ಅನುಮತಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಹೆಜ್ಜೆ 1: ಚುಕ್ಕೆ ಸೇರಿಸಿ ಗೆರೆ ಎಳೆಯಿರಿ

ರಂಗೋಲಿ ಹಾಕುವವರಿಗೆ ಇದು ಸುಲಭ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್, ಜಗತ್ತಿನ ಭೂಕಂಪಗಳ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಕಳೆದ 30 ದಿನಗಳ, ತೀವ್ರತೆ 4.5ಕ್ಕಿಂತ ಜಾಸ್ತಿ ಇರುವ ಭೂಕಂಪಗಳನ್ನು ಆರಿಸಿಕೊಳ್ಳಿ. ನೂರಾರು ಚುಕ್ಕೆಗಳು ಬರುತ್ತವೆ. ಖಾಲಿ ಭೂಪಟದ ಮೇಲೆ ಅವನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಸಾಲುಗಳನ್ನು ಸೇರಿಸಿ.

ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ಶಾಂತ ಸಾಗರದ ಸುತ್ತ ದಪ್ಪ ಸಾಲು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಮೇಲಿಂದ ಕೆಳಕ್ಕೆ ತೆಳ್ಳನೆಯ ಸಾಲು. ಟರ್ಕಿ, ಇರಾನ್, ಹಿಂದೂಕುಷ್, ಹಿಮಾಲಯ, ಬರ್ಮಾ ಕಡೆ ಮಾತ್ರ ಸಾಲು ಅನ್ನುವುದಕ್ಕಿಂತ ಚೆಲ್ಲಿದ ಸಾಸಿವೆಯ ಹಾಗೆ ಅಗಲವಾಗಿ ಹರಡಿರುತ್ತದೆ. ದಕ್ಷಿಣ ಭಾರತ ಹೆಚ್ಚುಕಡಿಮೆ ಖಾಲಿ. ನೀವು ಎಳೆದ ಗೆರೆಗಳೇ ಫಲಕಗಳ ಅಂಚು. ಗೆರೆಗಳ ನಡುವಿನ ಖಾಲಿ ಜಾಗಗಳೇ ಫಲಕಗಳು, ಅಂದರೆ ನಿಧಾನಕ್ಕೆ ಚಲಿಸುವ ನೆಲದ ಚಪ್ಪಡಿಗಳು. ದೊಡ್ಡವು ಏಳು, ಸಣ್ಣವು ಇನ್ನೂ ಹಲವು ಸಿಗುತ್ತವೆ.

ಈ ಚುಕ್ಕೆಯಾಟ ಮಕ್ಕಳಾಟ ಅಲ್ಲ. 1950ರ ದಶಕದಲ್ಲಿ ಮೇರಿ ಥಾರ್ಪ್ ಎಂಬ ಅಮೆರಿಕದ ನಕ್ಷೆಗಾರ್ತಿ ಅಟ್ಲಾಂಟಿಕ್ ಸಾಗರದ ತಳದ ಆಳಗಳನ್ನು ಕಾಗದಕ್ಕೆ ಇಳಿಸುತ್ತಿದ್ದರು. ಸಾಗರದ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು ಅವರಿಗೆ ಕಂಡಿತು. ಜೊತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಮೊದಲು ಅದನ್ನು ಹೆಂಗಸಿನ ಹರಟೆ ಅಂತ ತಳ್ಳಿಹಾಕಿದರು. ಆಮೇಲೆ ಭೂಕಂಪದ ಚುಕ್ಕೆಗಳನ್ನು ಅದೇ ನಕ್ಷೆಯ ಮೇಲೆ ಇಟ್ಟು ನೋಡಿದರೆ ಅವು ಸರಿಯಾಗಿ ಆ ಸೀಳಿನ ಮೇಲೇ ಕೂತವು.

ಅದಕ್ಕೂ ಮೊದಲು, 1912ರಲ್ಲೇ, ಜರ್ಮನಿಯ ಆಲ್ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಅಂದಿದ್ದರು. ಅವರು ಹವಾಮಾನ ವಿಜ್ಞಾನಿ. ಬಂಡೆಯಂಥ ಖಂಡವನ್ನು ದೂಡುವ ಶಕ್ತಿ ಯಾವುದು ಅನ್ನುವುದಕ್ಕೆ ಅವರ ಬಳಿ ಒಪ್ಪುವ ಉತ್ತರ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಅವರ ಮಾತನ್ನು ಜಗತ್ತು ಒಪ್ಪಿದ್ದು 1960ರ ದಶಕದಲ್ಲಿ.

ಹೆಜ್ಜೆ 2: ಹಾಲಿನ ಕೆನೆ, ಒದ್ದೆ ಟವಲು

ದೂಡುವ ಶಕ್ತಿ ಯಾವುದು? ಅಗಲ ಪಾತ್ರೆಯಲ್ಲಿ ಕೆನೆಗಟ್ಟಿದ ಹಾಲು ಇಡಿ. ಪಾತ್ರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಒಂದೇ ಬದಿಗೆ ಸಣ್ಣ ಉರಿ ತಾಗುವಂತೆ ಮಾಡಿ. ಬಿಸಿ ಹಾಲು ಆ ಬದಿಯಲ್ಲಿ ಮೇಲೆ ಬಂದು ಆಚೆಗೆ ಹರಿಯುತ್ತದೆ. ಅದರ ಜೊತೆ ಕೆನೆಯೂ ಸರಿಯುತ್ತದೆ. ಬಿಸಿ ಇರುವ ಕಡೆ ಕೆನೆ ಹರಿದು ಬಾಯಿ ಬಿಡುತ್ತದೆ. ಆಚೆ ಅಂಚಿನಲ್ಲಿ ಸುಕ್ಕುಗಟ್ಟುತ್ತದೆ. ಕಣ್ಣು ಬೇರೆ ಕಡೆ ಹೋದರೆ ಹಾಲು ಉಕ್ಕಿ ಒಲೆ ಮೇಲೆ ಬರುತ್ತದೆ, ಎಚ್ಚರ.

ಈ ಹೋಲಿಕೆ ಎರಡು ಕಡೆ ಸುಳ್ಳು ಹೇಳುತ್ತದೆ. ಮೊದಲನೆಯದು, ಫಲಕಗಳ ಕೆಳಗಿರುವ ಮ್ಯಾಂಟಲ್ ಎಂಬ ಪದರ ಹಾಲಿನಂತೆ ದ್ರವ ಅಲ್ಲ. ಅದು ಗಟ್ಟಿ ಕಲ್ಲು. ಆದರೆ ಎಷ್ಟು ಬಿಸಿ ಎಂದರೆ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಗಟ್ಟಿ ಬೆಲ್ಲದ ಪಾಕದ ಹಾಗೆ ನಿಧಾನ ಹರಿಯುತ್ತದೆ. ನೆಲದಡಿ ಲಾವಾದ ಸಮುದ್ರ ಇದೆ, ನಾವು ಅದರ ಮೇಲೆ ತೇಲುತ್ತಿದ್ದೇವೆ ಎಂಬ ಚಿತ್ರ ಎಷ್ಟೋ ಜನರ ತಲೆಯಲ್ಲಿದೆ. ಅದನ್ನು ಇಲ್ಲೇ ಬಿಟ್ಟುಬಿಡಿ. ಫಲಕ ಅಂದರೆ ಮೇಲಿನ ಚಿಪ್ಪು ಮತ್ತು ಅದಕ್ಕೆ ಅಂಟಿಕೊಂಡ ಮ್ಯಾಂಟಲ್‌ನ ಮೇಲ್ಭಾಗ ಸೇರಿ ಸುಮಾರು 100 ಕಿ.ಮೀ. ದಪ್ಪದ ಚಪ್ಪಡಿ.

ಎರಡನೆಯದು, ಕೆಳಗಿನ ಹರಿವಿಗಿಂತ ಜಾಸ್ತಿ ಕೆಲಸ ಮಾಡುವುದು ಫಲಕದ ಸ್ವಂತ ತೂಕ. ಇದಕ್ಕೆ ಒದ್ದೆ ಟವಲು ಸಾಕು. ನುಣುಪಾದ ಮೇಜಿನ ಮೇಲೆ ಹಾಸಿ, ಒಂದು ತುದಿ ಕೆಳಗೆ ಇಳಿಬಿಡಿ. ಇಳಿಬಿಟ್ಟ ಭಾಗ ಒಂದು ಹಂತ ದಾಟಿದರೆ ಇಡೀ ಟವಲನ್ನು ಎಳೆದುಕೊಂಡು ಬೀಳುತ್ತದೆ. ಸಾಗರದ ತಳದ ಫಲಕ ಹಳೆಯದಾದಷ್ಟೂ ತಣ್ಣಗಾಗಿ ಭಾರವಾಗುತ್ತದೆ. ಅಂಚಿನಲ್ಲಿ ಬಾಗಿ ಮ್ಯಾಂಟಲ್ ಒಳಗೆ ಇಳಿಯುತ್ತದೆ, ಹಿಂದಿನದನ್ನೆಲ್ಲ ಎಳೆಯುತ್ತದೆ. ವೆಗೆನರ್‌ಗೆ ಸಿಗದೇ ಹೋದ ಉತ್ತರದ ದೊಡ್ಡ ಪಾಲು ಈ ಟವಲಿನಲ್ಲಿದೆ.

ಹೆಜ್ಜೆ 3: ಮೂರು ಬಗೆಯ ಅಂಚು

ಎರಡು ಅಂಗೈಗಳನ್ನು ಪಕ್ಕಪಕ್ಕ ಇಡಿ. ದೂರ ಸರಿಸಿದರೆ ಅಟ್ಲಾಂಟಿಕ್ ನಡುವಿನ ಸೀಳು. ಅಲ್ಲಿ ಹೊಸ ನೆಲ ಹುಟ್ಟುತ್ತದೆ, ಐಸ್‌ಲ್ಯಾಂಡಿನಲ್ಲಿ ಅದನ್ನು ನಡೆದೇ ನೋಡಬಹುದು. ಒಂದನ್ನೊಂದು ಉಜ್ಜಿಕೊಂಡು ಹಿಂದೆ ಮುಂದೆ ಸರಿಸಿದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕು. ಒಂದಕ್ಕೊಂದು ದೂಡಿದರೆ ಎರಡರಲ್ಲಿ ಒಂದಾಗುತ್ತದೆ. ಒಂದು ಫಲಕ ಸಾಗರದ್ದಾದರೆ ಅದು ಇನ್ನೊಂದರ ಅಡಿಗೆ ಹೋಗುತ್ತದೆ, ಸುಮಾತ್ರಾ, ಜಪಾನ್, ಚಿಲಿಯ ಹಾಗೆ. ಎರಡೂ ಖಂಡಗಳಾದರೆ ಯಾವುದೂ ಸುಲಭಕ್ಕೆ ಮುಳುಗುವುದಿಲ್ಲ, ಏಕೆಂದರೆ ಖಂಡದ ಕಲ್ಲು ಹಗುರ. ಆಗ ಹಿಮಾಲಯ.

ಜಗತ್ತಿನ ಅತಿ ದೊಡ್ಡ ಭೂಕಂಪಗಳು ಅಡಿಗೆ ಹೋಗುವ ಅಂಚುಗಳಲ್ಲೇ ಆಗುತ್ತವೆ. 1960ರ ಚಿಲಿ ಭೂಕಂಪ 9.5. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1300 ಕಿ.ಮೀ. ಉದ್ದ ಸೀಳಿದ್ದು 9.1. ಸಮುದ್ರದ ತಳವೇ ಎದ್ದು ಬಿದ್ದಾಗ ಮೇಲಿನ ನೀರು ಏನು ಮಾಡುತ್ತದೆ ಅನ್ನುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಹೆಜ್ಜೆ 4: ಇಟ್ಟಿಗೆ ಎಳೆಯಿರಿ

ಈ ಬರಹದಲ್ಲಿ ಒಂದೇ ಒಂದು ಪ್ರಯೋಗ ಮಾಡುವುದಾದರೆ ಇದನ್ನೇ ಮಾಡಿ.

ಉಪ್ಪು ಕಾಗದದ ಮೂರು ಹಾಳೆಗಳನ್ನು ಒರಟು ಬದಿ ಮೇಲಿರುವಂತೆ ಉದ್ದಕ್ಕೆ ಮೇಜಿಗೆ ಅಂಟಿಸಿ. ಉಳಿದ ಒಂದನ್ನು ಇಟ್ಟಿಗೆಯ ಅಡಿಗೆ, ಒರಟು ಬದಿ ಕೆಳಗಿರುವಂತೆ ಸುತ್ತಿ. ಇಟ್ಟಿಗೆಗೆ ದಾರ ಕಟ್ಟಿ, ದಾರಕ್ಕೆ ಎಳೆದರೆ ಹಿಗ್ಗುವ ಏನಾದರೂ ಸೇರಿಸಿ. ನಾವು ಮೊದಲು ರಬ್ಬರ್ ಬ್ಯಾಂಡ್ ಹಾಕಿದೆವು. ಎರಡು ಕಿತ್ತು ಹೋದವು, ಒಂದು ನನ್ನ ಮೂಗಿಗೇ ಬಡಿಯಿತು. ಆಮೇಲೆ ಸೈಕಲ್ ಟ್ಯೂಬನ್ನು ಬೆರಳಗಲದ ಪಟ್ಟಿ ಕತ್ತರಿಸಿ ಕಟ್ಟಿದ ಮೇಲೆ ಸರಿಹೋಯಿತು. ಪಕ್ಕದಲ್ಲಿ ಅಡಿಕೋಲು ಇಡಿ.

ಈಗ ಟ್ಯೂಬಿನ ತುದಿ ಹಿಡಿದು, ಒಂದೇ ವೇಗದಲ್ಲಿ, ತುಂಬಾ ನಿಧಾನಕ್ಕೆ ಎಳೆಯಿರಿ. ನಿಮ್ಮ ಕೈ ಅಂದರೆ ಫಲಕ, ಅದು ನಿಲ್ಲುವುದಿಲ್ಲ. ಇಟ್ಟಿಗೆ ಮಾತ್ರ ಅಲ್ಲಾಡುವುದಿಲ್ಲ. ಟ್ಯೂಬು ಹಿಗ್ಗುತ್ತಾ ಹೋಗುತ್ತದೆ. ಇನ್ನೂ ಇಲ್ಲ. ಇನ್ನೂ ಇಲ್ಲ. ತಟ್ಟನೆ ಇಟ್ಟಿಗೆ ಜಿಗಿದು ಮತ್ತೆ ನಿಲ್ಲುತ್ತದೆ. ಅದೇ ಭೂಕಂಪ.

ಪ್ರತಿ ಜಿಗಿತದ ನಂತರ ಎರಡು ಅಂಕಿ ಬರೆಯಿರಿ: ಕೈ ಎಷ್ಟು ಸೆಂ.ಮೀ. ಸರಿಯಿತು, ಇಟ್ಟಿಗೆ ಎಷ್ಟು ಜಿಗಿಯಿತು. ಇಪ್ಪತ್ತು ಜಿಗಿತ ಆಗಲಿ. ಹಾಳೆ ಮುಗಿದರೆ ಇಟ್ಟಿಗೆಯನ್ನು ಹಿಂದಕ್ಕಿಟ್ಟು ಮುಂದುವರಿಸಿ. ಪಟ್ಟಿಯಲ್ಲಿ ಮೂರು ವಿಷಯ ಕಾಣುತ್ತವೆ. ಜಿಗಿತಗಳು ಒಂದೇ ಅಳತೆಯವಲ್ಲ. ಅವುಗಳ ನಡುವಿನ ಅಂತರವೂ ಒಂದೇ ಅಲ್ಲ. ಹೀಗಿದ್ದೂ ಕೊನೆಗೆ ಕೂಡಿ ನೋಡಿದರೆ, ಇಟ್ಟಿಗೆ ಹೋದ ಒಟ್ಟು ದೂರ ಕೈ ಹೋದ ದೂರಕ್ಕೆ ಹತ್ತಿರ ಬಂದು ನಿಲ್ಲುತ್ತದೆ. ಉಳಿದ ವ್ಯತ್ಯಾಸ ಟ್ಯೂಬಿನ ಹಿಗ್ಗಿನಲ್ಲಿ ಅಡಗಿದೆ. ಅದೇ ಬಾಕಿ.

ಈ ತಿಳಿವಳಿಕೆ ಸಿಕ್ಕಿದ್ದು 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ. ಬಿರುಕು ದಾಟಿ ಹಾಕಿದ್ದ ನೇರ ಬೇಲಿಗಳು ತುಂಡಾಗಿ, ಎರಡು ತುದಿಗಳು ಕೆಲವು ಕಡೆ 6 ಮೀಟರ್‌ವರೆಗೆ ದೂರ ಹೋಗಿದ್ದವು. ಹಳೆಯ ಮತ್ತು ಹೊಸ ಸರ್ವೆ ಅಳತೆಗಳನ್ನು ಹೋಲಿಸಿದ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್, ಭೂಕಂಪಕ್ಕೆ ಮೊದಲೇ ನೆಲ ಬಾಗಿ ಕೂತಿತ್ತು, ಕಂಪನದ ಹೊತ್ತಿಗೆ ಸೆಟೆದು ನೇರವಾಯಿತು ಎಂದು 1910ರಲ್ಲಿ ಬರೆದರು. ಸೈಕಲ್ ಟ್ಯೂಬಿನ ಮಾತೇ ಅದು.

ಹೆಜ್ಜೆ 5: ಬಾಕಿ ಲೆಕ್ಕ ಹಾಕಿ

ಪೆನ್ಸಿಲ್ ತೆಗೆದುಕೊಳ್ಳಿ. ಭಾರತದ ಫಲಕ ಉತ್ತರಕ್ಕೆ ವರ್ಷಕ್ಕೆ 4ರಿಂದ 5 ಸೆಂ.ಮೀ. ಸರಿಯುತ್ತಿದೆ. ಅದರಲ್ಲಿ ಸುಮಾರು 2 ಸೆಂ.ಮೀ. ಭಾಗವನ್ನು ಹಿಮಾಲಯವೇ ತಾಳಿಕೊಳ್ಳಬೇಕು. ಉಳಿದದ್ದು ಟಿಬೆಟ್ ಮತ್ತು ಅದರಾಚೆ ಹಂಚಿಹೋಗುತ್ತದೆ. ಹಿಮಾಲಯದ ಅಡಿಯಲ್ಲಿ ಎರಡು ಚಪ್ಪಡಿಗಳು ಸೇರುವ ಇಳಿಜಾರು ಬಿರುಕು ಇದೆ. ಬಹುಪಾಲು ಸಮಯ ಅದು ಕಚ್ಚಿಕೊಂಡೇ ಇರುತ್ತದೆ, ಉಪ್ಪು ಕಾಗದದ ಹಾಗೆ.

ವರ್ಷಕ್ಕೆ 2 ಸೆಂ.ಮೀ. ಅಂದರೆ 100 ವರ್ಷಕ್ಕೆ 2 ಮೀಟರ್ ಬಾಕಿ. ಕಾಠ್ಮಂಡು ಬಳಿ 2015ಕ್ಕೆ ಹಿಂದಿನ ದೊಡ್ಡ ಭೂಕಂಪಗಳಲ್ಲಿ ಒಂದು 1833ರದ್ದು. ನಡುವೆ 182 ವರ್ಷ. ಗುಣಿಸಿದರೆ ಮೂರೂವರೆ ಮೀಟರ್ ದಾಟುತ್ತದೆ. 2015ರ ಏಪ್ರಿಲ್ 25ರ ಶನಿವಾರ, ಅಲ್ಲಿನ ಗಡಿಯಾರದಲ್ಲಿ 11 ಗಂಟೆ 56 ನಿಮಿಷಕ್ಕೆ, ಗೋರ್ಖಾ ಜಿಲ್ಲೆಯ ಅಡಿಯಲ್ಲಿ ಬಿರುಕು ಬಾಯಿಬಿಟ್ಟಿತು. ಸುಮಾರು 150 ಕಿ.ಮೀ. ಪೂರ್ವಕ್ಕೆ ಸೀಳಿಕೊಂಡು ಹೋಯಿತು. ಚಪ್ಪಡಿಗಳು ಕೆಲವು ಮೀಟರ್ ಜಾರಿದವು. ತೀವ್ರತೆ 7.8. ಸುಮಾರು 9000 ಜನ ಸತ್ತರು. ಶನಿವಾರ ನೇಪಾಳದಲ್ಲಿ ಶಾಲೆಗೆ ರಜೆ. ಇಲ್ಲದಿದ್ದರೆ ಸಾವು ಇನ್ನೂ ಎಷ್ಟಾಗುತ್ತಿತ್ತೋ.

ಈಗ ಇನ್ನೊಂದು ಲೆಕ್ಕ. ಪಶ್ಚಿಮ ನೇಪಾಳದಲ್ಲಿ ಕೊನೆಯ ಮಹಾಭೂಕಂಪ ಆದದ್ದು 1505ರಲ್ಲಿ. ನಮ್ಮ ಕಡೆ ವಿಜಯನಗರದಲ್ಲಿ ಕೃಷ್ಣದೇವರಾಯ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. 500 ವರ್ಷಕ್ಕಿಂತ ಜಾಸ್ತಿ, ವರ್ಷಕ್ಕೆ 2 ಸೆಂ.ಮೀ. ಅಂದರೆ 10 ಮೀಟರ್. ವಿಜ್ಞಾನಿಗಳು ಆ ಭಾಗವನ್ನು ಯಾಕೆ ಅಷ್ಟು ಗಮನಿಸುತ್ತಾರೆ ಅಂತ ಈಗ ನಿಮಗೇ ಗೊತ್ತಾಯಿತು ಅಲ್ವಾ?

ಆದರೆ ಇಟ್ಟಿಗೆಯ ಪಟ್ಟಿಯನ್ನು ಮತ್ತೆ ನೋಡಿ. ಮುಂದಿನ ಜಿಗಿತ ಯಾವಾಗ ಅಂತ ಅದರಲ್ಲಿ ಬರೆದಿದೆಯೇ? ಬಾಕಿ ಎಷ್ಟಿದೆ ಅಂತ ಹೇಳಬಹುದು. ವಸೂಲಿಗೆ ಬರುವ ದಿನ ಹೇಳಲು ಇವತ್ತಿಗೂ ಯಾರಿಗೂ ಆಗಿಲ್ಲ. “ಇಂಥ ತಾರೀಕು ರಾತ್ರಿ ಭೂಕಂಪ” ಅಂತ ವಾಟ್ಸಾಪ್‌ನಲ್ಲಿ ಬಂದರೆ ಸುಮ್ನೆ ಅಳಿಸಿಬಿಡಿ.

ಇದೇ ಲೆಕ್ಕದಿಂದ ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಬಹುದು. ಸಣ್ಣ ಸಣ್ಣ ಕಂಪನ ಆದರೆ ಒಳ್ಳೆಯದು, ಒತ್ತಡ ಇಳಿಯುತ್ತದೆ ಅನ್ನುತ್ತಾರೆ. ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕಿಗೆ 1000 ಪಟ್ಟು. ನಾಲ್ಕು ಅಂಕಿಗೆ 10 ಲಕ್ಷ ಪಟ್ಟು. ಅಂದರೆ 8ರ ತೀವ್ರತೆಯ ಬಾಕಿಯನ್ನು 4ರ ಕಂಪನಗಳಲ್ಲಿ ತೀರಿಸುವುದು, 10 ಲಕ್ಷದ ಸಾಲಕ್ಕೆ ಒಂದೊಂದು ರೂಪಾಯಿ ಕಂತು ಕಟ್ಟಿದ ಹಾಗೆ.

ಹೆಜ್ಜೆ 6: ಹಿಟ್ಟಿನಲ್ಲಿ ಹಿಮಾಲಯ

ಮೇಜಿನ ಮೇಲೆ ಚಾರ್ಟ್ ಪೇಪರ್ ಹಾಸಿ. ಅದರ ಮೇಲೆ ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಮತ್ತೆ ಅಕ್ಕಿ ಹಿಟ್ಟು ಅಂತ ಮೂರು ಪದರ, ಒಂದೊಂದೂ ಅರ್ಧ ಸೆಂ.ಮೀ. ದಪ್ಪ, ಜರಡಿ ಹಿಡಿದು ಸಮವಾಗಿ ಉದುರಿಸಿ. ಒಂದು ಬದಿಯಲ್ಲಿ ಮರದ ಹಲಗೆಯನ್ನು ಅಡ್ಡಲಾಗಿ ನಿಲ್ಲಿಸಿ ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಕಾಗದದ ತುದಿ ಹಲಗೆಯ ಅಡಿಯಿಂದ ಆಚೆ ಬಂದಿರಲಿ. ಹಲಗೆ ಅಂದರೆ ಟಿಬೆಟ್. ಕಾಗದ ಅಂದರೆ ಉತ್ತರಕ್ಕೆ ಹೋಗುವ ಭಾರತ.

ಹಲಗೆಯ ಆಚೆಯಿಂದ ಕಾಗದವನ್ನು ನಿಧಾನಕ್ಕೆ ಎಳೆಯಿರಿ. ಕಾಗದ ಅಡಿಗೆ ನುಸುಳುತ್ತದೆ. ಮೇಲಿನ ಹಿಟ್ಟು ಹಲಗೆಗೆ ತಡೆದು ಏಳುತ್ತದೆ. ಮೊದಲು ಹಲಗೆಯ ಹತ್ತಿರ ಒಂದು ಏಣು ಬರುತ್ತದೆ. ಎಳೆಯುತ್ತಾ ಹೋದರೆ ಅದೇ ಏಣು ಸುಮ್ಮನೆ ಎತ್ತರ ಆಗುತ್ತಾ ಹೋಗುವುದಿಲ್ಲ. ಅದರ ಮುಂದೆ, ಹಲಗೆಯಿಂದ ದೂರದಲ್ಲಿ, ನೆಲ ಸೀಳಿ ಎರಡನೇ ಏಣು ಹುಟ್ಟುತ್ತದೆ. ಆಮೇಲೆ ಅದರ ಮುಂದೆ ಮೂರನೆಯದು. ಹಿಮಾಲಯದಲ್ಲೂ ಇದೇ ಸರದಿ. ಉತ್ತರದ ಮೇನ್ ಸೆಂಟ್ರಲ್ ಥ್ರಸ್ಟ್ ಎಂಬ ಬಿರುಕು ಸುಮಾರು 2 ಕೋಟಿ ವರ್ಷ ಹಳೆಯದು. ಅದರ ದಕ್ಷಿಣದ ಮೇನ್ ಬೌಂಡರಿ ಥ್ರಸ್ಟ್ ಸುಮಾರು 1 ಕೋಟಿ ವರ್ಷದ್ದು. ಎಲ್ಲಕ್ಕಿಂತ ದಕ್ಷಿಣದಲ್ಲಿ, ಶಿವಾಲಿಕ್ ಬೆಟ್ಟಗಳ ಬುಡದಲ್ಲಿರುವುದು ಎಲ್ಲಕ್ಕಿಂತ ಎಳೆಯದು, ಈಗಲೂ ಚುರುಕಾಗಿದೆ. ಅಂದರೆ ಹಿಮಾಲಯ ಮೇಲಕ್ಕೆ ಮಾತ್ರ ಅಲ್ಲ, ದಕ್ಷಿಣಕ್ಕೂ ಬೆಳೆಯುತ್ತಿದೆ.

ಎಳೆದದ್ದು ಮುಗಿದ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಚಾಕುವಿನಿಂದ ಅಡ್ಡ ಕತ್ತರಿಸಿ. ಒಣ ಹಿಟ್ಟನ್ನೇ ಕತ್ತರಿಸಲು ಹೋದರೆ ಕುಸಿಯುತ್ತದೆ, ನಾವು ಒಂದು ಸಲ ಹಾಗೇ ಕೆಡಿಸಿಕೊಂಡೆವು. ಒಳಗೆ ರಾಗಿಯ ಕಂದು ಗೆರೆ ತುಂಡಾಗಿ, ತುಂಡಿನ ಮೇಲೆ ತುಂಡು ಹತ್ತಿ ಕೂತಿರುತ್ತದೆ. ಸಾಲಿಗ್ರಾಮದ ಪ್ರಶ್ನೆಗೆ ಉತ್ತರ ಇಲ್ಲಿದೆ. ಭಾರತ ಮತ್ತು ಏಷ್ಯಾದ ನಡುವೆ ಟೆಥಿಸ್ ಎಂಬ ಸಾಗರ ಇತ್ತು. ಸುಮಾರು 5 ಕೋಟಿ ವರ್ಷ ಹಿಂದೆ ಭಾರತ ಏಷ್ಯಾಕ್ಕೆ ಗುದ್ದಿದಾಗ ಅದು ಮುಚ್ಚಿಹೋಯಿತು. ಅದರ ತಳದಲ್ಲಿ ಕೂತಿದ್ದ ಕೆಸರು, ಸುಣ್ಣ, ಚಿಪ್ಪು ಎಲ್ಲ ಈ ರಾಗಿ ಪದರದ ಹಾಗೆ ಮೇಲೆದ್ದವು. 8848.86 ಮೀಟರ್ ಎತ್ತರದ ಎವರೆಸ್ಟಿನ ತುದಿಯ ಕಲ್ಲು ಕೂಡ ಸಮುದ್ರದ ಸುಣ್ಣದ ಕಲ್ಲೇ. ಹುಳ ಬೆಟ್ಟ ಹತ್ತಲಿಲ್ಲ, ಸಮುದ್ರದ ತಳವೇ ಬೆಟ್ಟವಾಯಿತು ಅಂದೆ. ಅಕ್ಕನ ಮಗಳಿಗೆ ಒಪ್ಪಿಗೆಯಾಯಿತು. ಅಜ್ಜಿ ಮಾತ್ರ ಮೇಜಿನ ಮೇಲಿನ ಹಿಟ್ಟು ನೋಡಿ ಬೇರೆಯೇ ಭೂಕಂಪ ಎಬ್ಬಿಸಿದರು.

ಒಂದು ಸಣ್ಣ ತಿರುವು ಇದೆ. ಗೋರ್ಖಾ ಭೂಕಂಪದಲ್ಲಿ ಕಾಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದಿತು. ಅದರ ಉತ್ತರದ ಎತ್ತರದ ಶಿಖರಗಳ ಕೆಲವು ಭಾಗ ತುಸು ಕೆಳಗಿಳಿಯಿತು. ಭೂಕಂಪ ಬೆಟ್ಟ ಕಟ್ಟುತ್ತದೆ ಅಂದ ಮೇಲೆ ಹೀಗೇಕೆ? ಬಿರುಕು ಕಚ್ಚಿಕೊಂಡಿರುವ ಕಾಲದಲ್ಲಿ ಒತ್ತಡಕ್ಕೆ ಶಿಖರದ ಭಾಗ ಉಬ್ಬುತ್ತದೆ. ಜಾರಿದಾಗ ಮುಂಭಾಗ ಏಳುತ್ತದೆ, ಹಿಂದಿನ ಉಬ್ಬು ಸ್ವಲ್ಪ ಇಳಿಯುತ್ತದೆ. ಒಂದೊಂದು ಸಲಕ್ಕೂ ಲಾಭ ನಷ್ಟ ಎರಡೂ ಇರುತ್ತವೆ. ಲಕ್ಷಾಂತರ ವರ್ಷದಲ್ಲಿ ಲಾಭದ ಕಡೆಯೇ ಜಾಸ್ತಿ.

ಹಾಗಾದರೆ ಹಿಮಾಲಯ ಯಾಕೆ ಇನ್ನೂ ಎತ್ತರ ಇಲ್ಲ? ವರ್ಷಕ್ಕೆ ಬರೀ 5 ಮಿ.ಮೀ. ಅಂತ 5 ಕೋಟಿ ವರ್ಷ ಏರಿದ್ದರೆ 250 ಕಿ.ಮೀ. ಎತ್ತರ ಆಗಬೇಕಿತ್ತು. ಗುಣಿಸಿ ನೋಡಿ. ಎದ್ದದ್ದನ್ನು ಎದ್ದಹಾಗೇ ಮಳೆ, ಹಿಮನದಿ, ಗಂಗೆ, ಬ್ರಹ್ಮಪುತ್ರ ಕೊರೆದು ಒಯ್ಯುತ್ತವೆ. ಹಾಗೆ ಒಯ್ದ ಮಣ್ಣು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3000 ಕಿ.ಮೀ. ಉದ್ದಕ್ಕೆ ಬೀಸಣಿಗೆಯ ಹಾಗೆ ಹರಡಿದೆ.

ಬೆಟ್ಟಕ್ಕೆ ಬೇರೂ ಇದೆ. ಬಕೆಟ್ ನೀರಿನಲ್ಲಿ ಒಂದು ತೆಳು ಹಲಗೆ, ಒಂದು ದಪ್ಪ ಮರದ ತುಂಡು ತೇಲಿಸಿ. ದಪ್ಪದ್ದು ಮೇಲೂ ಜಾಸ್ತಿ ಕಾಣುತ್ತದೆ, ಕೆಳಗೂ ಆಳಕ್ಕೆ ಇಳಿದಿರುತ್ತದೆ. ಸಾಮಾನ್ಯ ಖಂಡದ ಚಿಪ್ಪು 35ರಿಂದ 40 ಕಿ.ಮೀ. ದಪ್ಪ, ಟಿಬೆಟ್ ಅಡಿಯಲ್ಲಿ ಸುಮಾರು 70. ಇದರ ಸುಳಿವು ಸಿಕ್ಕಿದ್ದು ಭಾರತದಲ್ಲೇ. 19ನೇ ಶತಮಾನದ ಸರ್ವೆಯವರು ಹಿಮಾಲಯದ ಕಡೆ ಹೋದಾಗ, ಗಾರೆ ಕೆಲಸದವರದ್ದೇ ಥರದ ತೂಗುಗುಂಡು ಬೆಟ್ಟದ ಸೆಳೆತಕ್ಕೆ ವಾಲಬೇಕಾದಷ್ಟು ವಾಲಲಿಲ್ಲ. ಬೆಟ್ಟದ ಅಡಿಯಲ್ಲಿ ಹಗುರ ಕಲ್ಲಿನ ಬೇರು ಇರಬೇಕು ಎಂದು 1855ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಊಹಿಸಿದರು.

ಹೆಜ್ಜೆ 7: ಭೂಕಂಪದ ಊರನ್ನು ಕಂಡುಹಿಡಿಯಿರಿ

ಮಿಂಚು ಕಂಡ ಮೇಲೆ ಗುಡುಗು ಬರುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರ ಅಂತ ಹೇಳುತ್ತಿದ್ದೆವಲ್ಲ, ಇಲ್ಲೂ ಅದೇ ಉಪಾಯ. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲು ಬರುವುದು ಪಿ ಅಲೆ, ಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಅದು ಒಂದು ಗುದ್ದಿನ ಹಾಗೆ. ಹಿಂದೆ ಬರುವುದು ಎಸ್ ಅಲೆ, ಸುಮಾರು ಮೂರೂವರೆ ಕಿ.ಮೀ. ವೇಗ. ಅದು ಅಡ್ಡಡ್ಡ ಅಲ್ಲಾಡಿಸುತ್ತದೆ, ಮನೆ ಕೆಡಹುವುದರಲ್ಲಿ ಪಿ ಅಲೆಗಿಂತ ಮುಂದು. ಎರಡರ ನಡುವೆ ಎಷ್ಟು ಸೆಕೆಂಡು ಅಂತ ನೋಡಿ 8ರಿಂದ ಗುಣಿಸಿ. ಹೆಚ್ಚುಕಡಿಮೆ ಅಷ್ಟು ಕಿಲೋಮೀಟರ್ ದೂರ. 40 ಸೆಕೆಂಡು ಅಂತರ ಇದ್ದರೆ 320 ಕಿ.ಮೀ. ಬಹಳ ದೂರದ ಭೂಕಂಪಗಳಿಗೆ ಈ ಗುಣಾಕಾರ ನಡೆಯುವುದಿಲ್ಲ, ಏಕೆಂದರೆ ಅಲೆಗಳು ಆಳಕ್ಕೆ ಇಳಿದು ವೇಗ ಬದಲಿಸುತ್ತವೆ.

ಈಗ ಅಭ್ಯಾಸ. ಅಟ್ಲಾಸ್‌ನಲ್ಲಿ ಕಲಬುರಗಿ, ಸೊಲ್ಲಾಪುರ, ಬೀದರ್ ಹುಡುಕಿ. ಮೂರೂ ಕಡೆ ಯಂತ್ರ ಇತ್ತು ಅಂತ ಇಟ್ಟುಕೊಳ್ಳೋಣ. ಕಲಬುರಗಿ ಮತ್ತು ಸೊಲ್ಲಾಪುರದಲ್ಲಿ ಅಂತರ ಹತ್ತೂವರೆ ಸೆಕೆಂಡು, ಬೀದರ್‌ನಲ್ಲಿ ಹನ್ನೆರಡೂವರೆ. ಗುಣಿಸಿದರೆ ಸುಮಾರು 85, 85, 100 ಕಿ.ಮೀ. ನಕ್ಷೆಯ ಅಳತೆಗೆ ಕೈವಾರ ಹೊಂದಿಸಿ ಮೂರು ವೃತ್ತ ಎಳೆಯಿರಿ. ಒಂದೇ ವೃತ್ತ ಇದ್ದರೆ ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಎರಡಿದ್ದರೆ ಎರಡು ಜಾಗ ಉಳಿಯುತ್ತವೆ. ಮೂರನೆಯದು ಒಂದನ್ನು ಆರಿಸಿಕೊಡುತ್ತದೆ. ಮೂರೂ ಸೇರುವ ಕಡೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ, ಕಿಲ್ಲಾರಿ ಎಂಬ ಊರು ಇರುತ್ತದೆ.

ಈ ಎರಡು ಅಲೆಗಳನ್ನು ಯಂತ್ರದ ಗೀಟುಗಳಲ್ಲಿ ಬಿಡಿಸಿ ತೋರಿಸಿದ್ದು ಬ್ರಿಟಿಷ್ ಭೂವಿಜ್ಞಾನಿ ರಿಚರ್ಡ್ ಓಲ್ಡಮ್. 1897ರ ಜೂನ್ 12ರ ಶಿಲ್ಲಾಂಗ್ ಭೂಕಂಪವನ್ನು ಅವರು ಅಧ್ಯಯನ ಮಾಡಿದ್ದರು. ನಮ್ಮ ಗೌರಿಬಿದನೂರಿನಲ್ಲೂ 1965ರಿಂದ ಭೂಕಂಪಮಾಪಕಗಳ ಒಂದು ಸಾಲು ಕೆಲಸ ಮಾಡುತ್ತಿದೆ. ದೂರದ ದೇಶಗಳ ಅಣುಬಾಂಬ್ ಪರೀಕ್ಷೆ ಕೂಡ ಅಲ್ಲಿ ದಾಖಲಾಗುತ್ತದೆ. ಸುತ್ತಲಿನ ಬಂಡೆ ಗಟ್ಟಿ, ಗದ್ದಲ ಕಡಿಮೆ.

ಹೆಜ್ಜೆ 8: ಸುದ್ದಿಯನ್ನು ಓದುವುದು

ಭೂಕಂಪದ ಸುದ್ದಿ ಬಂದಾಗ ಎಲ್ಲರೂ ಒಂದೇ ಅಂಕಿ ನೋಡುತ್ತಾರೆ. ನೀವು ಆಳವನ್ನೂ ನೋಡಿ. 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪ 7.6, ಆಳ 30 ಕಿ.ಮೀ.ಗಿಂತ ಕಡಿಮೆ. 80,000ಕ್ಕೂ ಹೆಚ್ಚು ಜನ ಸತ್ತರು. 2015ರ ಅಕ್ಟೋಬರ್ 26ರ ಹಿಂದೂಕುಷ್ ಭೂಕಂಪ 7.5, ಆಳ 200 ಕಿ.ಮೀ. ದಾಟಿತ್ತು. ದೆಹಲಿಯವರೆಗೂ ಅಲುಗಾಡಿತು, ಆದರೆ ಸಾವು ನೂರರ ಲೆಕ್ಕದಲ್ಲಿ ಉಳಿಯಿತು.

ಆಮೇಲೆ ಮನೆಗಳು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಕಿಲ್ಲಾರಿಯ ಭೂಕಂಪ 6.2 ಮಾತ್ರ. ಗೋರ್ಖಾದ ಶಕ್ತಿ ಇದರ ಸುಮಾರು 250 ಪಟ್ಟು. ಆದರೂ ಎರಡರಲ್ಲೂ ಸತ್ತವರ ಸಂಖ್ಯೆ ಹತ್ತಿರ ಹತ್ತಿರ. ಮಣ್ಣಿನಲ್ಲಿ ದಪ್ಪ ಕಲ್ಲು ಪೇರಿಸಿದ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಕಲಬುರಗಿ, ಬೀದರ್, ವಿಜಯಪುರದ ಹಳ್ಳಿಗಳಲ್ಲಿ ಅಂಥ ಮನೆಗಳನ್ನು ಇವತ್ತೂ ನೋಡಬಹುದು. ಬೇಸಿಗೆಯಲ್ಲಿ ತಂಪು, ನಿಜ. ಗೋಡೆಯ ಮೂಲೆಗಳನ್ನು ಉದ್ದ ಕಲ್ಲಿನಿಂದ ಕಟ್ಟಿ, ಬಾಗಿಲ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿದರೆ ಆ ಗೋಡೆಗಳೂ ಬಹಳ ಮಟ್ಟಿಗೆ ತಡೆಯುತ್ತವೆ.

ಇಲ್ಲಿ ಒಂದು ಪ್ರಶ್ನೆ ಬರಲೇಬೇಕು. ಕಿಲ್ಲಾರಿ ಫಲಕದ ಅಂಚಿನಲ್ಲಿಲ್ಲ, ಹಿಮಾಲಯದಿಂದ ಸಾವಿರ ಕಿ.ಮೀ. ಮೇಲೆ ದೂರ. ಹಾಗಿದ್ದೂ ಯಾಕೆ ನಡುಗಿತು? ಬಾಗಿಲಿನ ಒಂದು ಅಂಚನ್ನು ಜೋರಾಗಿ ದೂಡಿದರೆ ನಡುವಿನ ಹಲಗೆಯ ಹಳೆ ಬಿರುಕೂ ಕಿರುಗುಟ್ಟುತ್ತದೆ. ಹಿಮಾಲಯದಲ್ಲಿ ತಡೆದ ಒತ್ತಡ ಇಡೀ ಫಲಕದ ಒಳಗೆ ಹರಡುತ್ತದೆ, ಕೋಟ್ಯಂತರ ವರ್ಷದ ಹಳೆ ದುರ್ಬಲ ಬಿರುಕುಗಳನ್ನು ಹುಡುಕುತ್ತದೆ. 2001ರ ಜನವರಿ 26ರ, ಗುಜರಾತಿನ ಕಛ್ ಪ್ರದೇಶದ ಭುಜ್ ಭೂಕಂಪವೂ ಅಂಚಿನಿಂದ ದೂರವೇ. ಅದೇ ಕಛ್‌ನಲ್ಲಿ 1819ರ ಭೂಕಂಪ, ರಣ್ ಎಂಬ ಸಮತಟ್ಟಾದ ಉಪ್ಪು ಬಯಲಿನಲ್ಲಿ 80 ಕಿ.ಮೀ.ಗೂ ಉದ್ದದ ದಿಣ್ಣೆಯನ್ನೇ ಎಬ್ಬಿಸಿತು. ಮನುಷ್ಯ ಕಟ್ಟಿದ್ದಲ್ಲ ಅಂತ ಜನ ಅದನ್ನು ಅಲ್ಲಾಹ್ ಬಂಡ್ ಅಂದರು. 1967ರ ಡಿಸೆಂಬರ್ 11ರ, ಮಹಾರಾಷ್ಟ್ರದ ಕೊಯ್ನಾ ಭೂಕಂಪದಲ್ಲಿ ಮಾತ್ರ ಹೊಸದಾಗಿ ತುಂಬಿದ ಜಲಾಶಯದ ನೀರೂ ಕೈ ಸೇರಿಸಿತ್ತು. ಬಾಕಿ ಮೊದಲೇ ಇತ್ತು. ನೀರು ಬಿರುಕಿನ ಹಿಡಿತ ಸಡಿಲಿಸಿತು.

ಹೆಜ್ಜೆ 9: ಮಲ್ಪೆಗೆ ಹೋಗಿ ಬನ್ನಿ

ನಮ್ಮ ಪಶ್ಚಿಮ ಘಟ್ಟ ಗುದ್ದಾಟದಿಂದ ಎದ್ದ ಬೆಟ್ಟ ಅಲ್ಲ. ಅದು ನೆಲ ಸೀಳಿ ದೂರ ಹೋದಾಗ ಉಳಿದ ಎತ್ತರದ ಅಂಚು. ಆಗುಂಬೆಯಲ್ಲಿ ನಿಂತರೆ ಇದು ಗೊತ್ತಾಗುತ್ತದೆ. ಪೂರ್ವಕ್ಕೆ ಮೆಲ್ಲನೆ ಇಳಿಜಾರು, ಪಶ್ಚಿಮಕ್ಕೆ ತಟ್ಟನೆ ಪ್ರಪಾತ. ಆ ಸೀಳಿನ ಗುರುತು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿದೆ. ಸುಮಾರು 8.8 ಕೋಟಿ ವರ್ಷ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾದಾಗ ಉಕ್ಕಿದ ಲಾವಾ ಅಲ್ಲಿ ತಣ್ಣಗಾಗಿ, ಒಟ್ಟೊಟ್ಟಿಗೆ ಜೋಡಿಸಿಟ್ಟ ಪೆನ್ಸಿಲ್‌ಗಳ ಹಾಗೆ ಕಂಬಗಳಾಗಿ ನಿಂತಿದೆ. ಈ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಬಹಳಷ್ಟು ಜನ ದೋಣಿ ಇಳಿದು ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ನೀವು ಒಂದು ಕಂಬದ ಮುಖಗಳನ್ನು ಎಣಿಸಿ. ಆರು ಇರುವವು ಬಹಳ, ಐದೂ ಏಳೂ ಸಿಗುತ್ತವೆ. ಆಮೇಲೆ ಪಡುವಣಕ್ಕೆ ತಿರುಗಿ ಅಟ್ಲಾಸ್ ತೆಗೆಯಿರಿ. ಮಡಗಾಸ್ಕರ್ ಮತ್ತು ಮಲ್ಪೆಯ ನಡುವೆ ಈಗ ಎಷ್ಟು ಸಮುದ್ರ ಇದೆ ಅಂತ ದಾರ ಇಟ್ಟು ಅಳೆಯಿರಿ. ಅದನ್ನು 8.8 ಕೋಟಿಯಿಂದ ಭಾಗಿಸಿದರೆ ವರ್ಷಕ್ಕೆ ಇಷ್ಟು ಸೆಂ.ಮೀ. ಅಂತ ನಿಮ್ಮದೇ ಲೆಕ್ಕ ಸಿಗುತ್ತದೆ. ಹೆಜ್ಜೆ 5ರ ಅಂಕಿಯ ಪಕ್ಕ ಇಟ್ಟು ನೋಡಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಅದಕ್ಕೆ ದಸರಾ ರಜೆಯ ಮೇಲೆ ಹೋಗುವುದು ವಾಸಿ. ಕಂಬಗಳ ಮೇಲೆ ಪಾಚಿ ಇರುತ್ತದೆ, ಹಳೆ ಚಪ್ಪಲಿ ಜಾರುತ್ತದೆ.